ಫಾಕ್ಸ್‌ಪ್ರೊ ಟೇಬಲ್ ತೆರೆಯದಿದ್ದಾಗ: ಡೇಟಾ ಕಳೆದುಕೊಳ್ಳದೆ ರಿಪೇರಿ ಮಾಡುವ ಕ್ರಮ

ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: “ನಿನ್ನೆ ಸಂಜೆಯವರೆಗೂ ಸರಿಯಾಗಿದ್ದ ಟೇಬಲ್ ಇವತ್ತು ತೆರೆಯುತ್ತಿಲ್ಲ, 2091 ಅಂತ ಎರರ್ ಬರುತ್ತಿದೆ. ಡೇಟಾ ಹೋಯಿತೇ?” ಬಹುಪಾಲು ಸಂದರ್ಭಗಳಲ್ಲಿ ಹೋಗಿರುವುದಿಲ್ಲ. ಹೋಗುವುದು ಆಮೇಲೆ, ಗಾಬರಿಯಲ್ಲಿ ಕೊಟ್ಟ ಒಂದು ಪ್ಯಾಕ್ ಆಜ್ಞೆಯಿಂದ (ಅಳಿಸಿದ ರೆಕಾರ್ಡುಗಳನ್ನು ಪೂರ್ತಿ ತೆಗೆದುಹಾಕುವ ಆಜ್ಞೆ) ಇಲ್ಲವೇ ಎಲ್ಲಿಂದಲೋ ಇಳಿಸಿಕೊಂಡ ರಿಪೇರಿ ತಂತ್ರಾಂಶವನ್ನು ಮೂಲ ಫೈಲಿನ ಮೇಲೇ ಓಡಿಸಿದ್ದರಿಂದ.

ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ವಿಷುಯಲ್ ಫಾಕ್ಸ್‌ಪ್ರೊ 9 ಹೊರಬಂದದ್ದು 2004ರ ಕೊನೆಗೆ. ಮುಂದಿನ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿ ಹೇಳಿತು, 2015ರ ಜನವರಿಗೆ ಬೆಂಬಲವೂ ನಿಂತಿತು. ಆದರೂ ಅದರಲ್ಲಿ ಬರೆದ ಲೆಕ್ಕಪತ್ರ, ದಾಸ್ತಾನು, ಸಂಬಳದ ಪ್ರೋಗ್ರಾಂಗಳು ಇಂದಿಗೂ ದಿನವಿಡೀ ಓಡುತ್ತಿವೆ. ಅದರ ಟೇಬಲ್ ಫೈಲಿನ ವಿನ್ಯಾಸ 1980ರ ದಶಕದ ಡಿಬೇಸ್‌ನಿಂದ ಬಂದದ್ದು: ಮೊದಲು ಹೆಡರ್, ಅಂದರೆ ಫೈಲಿನ ವಿವರ ಹೇಳುವ ತಲೆಭಾಗ, ಅದರ ಹಿಂದೆ ಒಂದೇ ಅಳತೆಯ ರೆಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ. ಅಷ್ಟೇ. ಇಷ್ಟು ಸರಳವಾಗಿರುವುದರಿಂದಲೇ ಕೆಟ್ಟ ಟೇಬಲನ್ನು ಕ್ಯಾಲ್ಕುಲೇಟರ್ ಹಿಡಿದು ಕೂತು ಸರಿಮಾಡಬಹುದು. ಏನಾಗಿದೆ ಎಂದು ಲೆಕ್ಕ ಹಾಕುವ ಮೊದಲು ಫೈಲಿಗೆ ಒಂದು ಬೈಟ್ ಕೂಡ ಬರೆಯಬಾರದು, ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಮಾಂಡ್ ವಿಂಡೋದಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಹೆಕ್ಸ್, ಅಂದರೆ 16ರ ಆಧಾರದ ಬೆಲೆಗಳಲ್ಲಿ ಬರುವ ಎ, ಸಿ, ಡಿ, ಎಫ್ ಕೂಡ ಹಾಗೆಯೇ.

ಏನೇನು ಬೇಕು

ವಿಷುಯಲ್ ಫಾಕ್ಸ್‌ಪ್ರೊ 9, ಸರ್ವಿಸ್ ಪ್ಯಾಕ್ 2 ಹಾಕಿದ್ದು. ಎಚ್‌ಎಕ್ಸ್‌ಡಿಯಂತಹ ಒಂದು ಹೆಕ್ಸ್ ಎಡಿಟರ್, ಅಂದರೆ ಫೈಲಿನ ಪ್ರತಿಯೊಂದು ಬೈಟನ್ನೂ ಇದ್ದದ್ದು ಇದ್ದ ಹಾಗೆ ತೋರಿಸಿ ತಿದ್ದಲು ಬಿಡುವ ಸಾಧನ. ಕೆಟ್ಟ ಟೇಬಲಿನ ಎರಡು-ಮೂರು ಪಟ್ಟು ಖಾಲಿ ಜಾಗವಿರುವ ನಿಮ್ಮದೇ ಕಂಪ್ಯೂಟರಿನ ಡಿಸ್ಕ್. ನೆಟ್‌ವರ್ಕ್ ಡ್ರೈವ್ ಬೇಡ. ಇದೇ ಟೇಬಲಿನ ಹಳೆಯ ಬ್ಯಾಕಪ್ ಎಷ್ಟೇ ಹಳತಿದ್ದರೂ ಹುಡುಕಿ ಇಟ್ಟುಕೊಳ್ಳಿ. ಅದರ ಡೇಟಾ ಬೇಕಾಗದೆ ಹೋಗಬಹುದು, ಹೆಡರ್ ಬೇಕಾದೀತು.

ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಡಿಬಿಎಫ್, ಅಂದರೆ ಟೇಬಲ್ ಫೈಲ್ ತೆರೆದು ನೋಡುವ ಅಭ್ಯಾಸ ಹಲವರಿಗಿದೆ. ನೋಡಿ ಮುಚ್ಚಿದರೆ ತೊಂದರೆಯಿಲ್ಲ. ಆದರೆ ಮುಚ್ಚುವಾಗ ಸೇವ್ ಒತ್ತಿದರೆ ಕಾಲಂ ಅಳತೆ, ವಿಧ ಎಲ್ಲವನ್ನೂ ಅದು ತನಗೆ ತೋಚಿದಂತೆ ಮತ್ತೆ ಬರೆಯುತ್ತದೆ. ಕೆಟ್ಟ ಫೈಲಿನ ಹತ್ತಿರ ಅದನ್ನು ತರಲೇಬೇಡಿ.

1. ಎಲ್ಲರನ್ನೂ ಹೊರಗೆ ಕಳಿಸಿ ನಕಲು ತೆಗೆಯಿರಿ

ಪ್ರೋಗ್ರಾಂ ಬಳಸುವ ಎಲ್ಲರೂ ಅದನ್ನು ಮುಚ್ಚಬೇಕು. ಯಾರಾದರೂ ಮುಚ್ಚದೆ ಎದ್ದು ಹೋಗಿದ್ದರೆ ಸರ್ವರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ನೋಡಿದರೆ ಗೊತ್ತಾಗುತ್ತದೆ. ಆ ಕಂಪ್ಯೂಟರಿಗೆ ಹೋಗಿ ಮುಚ್ಚಿಸಿ. ಸರ್ವರಿನಿಂದಲೇ ಸಂಪರ್ಕ ಕಡಿದರೆ ಆ ಕಂಪ್ಯೂಟರಿನ ಬಫರಿನಲ್ಲಿ ಇನ್ನೂ ಬರೆಯದೆ ಉಳಿದದ್ದು ಹೋಗುತ್ತದೆ.

ಆಮೇಲೆ ಇಡೀ ಫೋಲ್ಡರನ್ನು ನಕಲು ಮಾಡಿ. ಒಂದು ಟೇಬಲ್ ಎಂದರೆ ಒಂದೇ ಫೈಲಲ್ಲ: ರೆಕಾರ್ಡುಗಳಿರುವ ಡಿಬಿಎಫ್, ಮೆಮೊ ಅಂದರೆ ಉದ್ದ ಬರಹಗಳಿರುವ ಎಫ್‌ಪಿಟಿ, ಇಂಡೆಕ್ಸ್ ಅಂದರೆ ರೆಕಾರ್ಡ್ ಬೇಗ ಹುಡುಕುವ ಸೂಚಿ ಇರುವ ಸಿಡಿಎಕ್ಸ್. ಡೇಟಾಬೇಸ್ ಕಂಟೇನರ್, ಅಂದರೆ ಟೇಬಲುಗಳನ್ನು ಒಂದುಗೂಡಿಸುವ ವ್ಯವಸ್ಥೆ ಇದ್ದರೆ ಡಿಬಿಸಿ, ಡಿಸಿಟಿ, ಡಿಸಿಎಕ್ಸ್ ಎಂಬ ಇನ್ನೂ ಮೂರು. ಎಲ್ಲವೂ ಒಂದೇ ಕ್ಷಣದ ನಕಲಾಗಿರಬೇಕು. ಇವತ್ತಿನ ಡಿಬಿಎಫ್‌ಗೆ ನಿನ್ನೆಯ ಎಫ್‌ಪಿಟಿ ಜೋಡಿಸಿದರೆ ಟೇಬಲ್ ತೆರೆಯುತ್ತದೆ, ಆದರೆ ಮೆಮೊಗಳು ಅದಲು ಬದಲಾಗಿರುತ್ತವೆ.

ಎರಡು ನಕಲು ತೆಗೆಯಿರಿ. ಒಂದನ್ನು ರೀಡ್-ಓನ್ಲಿ ಮಾಡಿ ಬದಿಗಿಡಿ, ಇನ್ನೊಂದರ ಮೇಲೆ ಕೆಲಸ ಮಾಡಿ. ಮೂಲ ಇದ್ದಲ್ಲೇ ಇರಲಿ.

2. ಎರರ್ ನಂಬರ್ ನೋಡಿ

ನಂಬರ್ ಗೊತ್ತಾದರೆ ಅರ್ಧ ದಾರಿ ಮುಗಿದಂತೆ.

- 2091: ಹೆಡರ್ ಹೇಳುವ ರೆಕಾರ್ಡ್ ಎಣಿಕೆಗೂ ಫೈಲಿನ ಗಾತ್ರಕ್ಕೂ ತಾಳೆಯಿಲ್ಲ. 3, 4ನೇ ಹಂತ.
- 15: ಇದು ಟೇಬಲೇ ಅಲ್ಲ ಎನ್ನುತ್ತಿದೆ. ಹೆಡರ್ ಹಾಳಾಗಿದೆ ಅಥವಾ ಫೈಲ್ ಸೊನ್ನೆ ಬೈಟ್ ಆಗಿದೆ. 5ನೇ ಹಂತ.
- 41: ಮೆಮೊ ಫೈಲ್ ಇಲ್ಲ ಅಥವಾ ಕೆಟ್ಟಿದೆ. 6ನೇ ಹಂತ.
- 114, 1707, 5: ಇಂಡೆಕ್ಸ್ ಟೇಬಲಿಗೆ ಹೊಂದುತ್ತಿಲ್ಲ, ಸಿಡಿಎಕ್ಸ್ ಫೈಲೇ ಸಿಗುತ್ತಿಲ್ಲ, ರೆಕಾರ್ಡ್ ನಂಬರ್ ಎಲ್ಲೆ ಮೀರಿದೆ. 5ಕ್ಕೆ ಎಷ್ಟೋ ಸಲ ಕಾರಣ ಇಲ್ಲದ ರೆಕಾರ್ಡನ್ನು ತೋರಿಸುತ್ತಿರುವ ಇಂಡೆಕ್ಸೇ. 8ನೇ ಹಂತ.

ಫಾಕ್ಸ್‌ಪ್ರೊದ ಹಳೆಯ ಆವೃತ್ತಿಗಳಲ್ಲಿ 2091 ಬರುವುದಿಲ್ಲ. ಅಲ್ಲಿ ಟೇಬಲ್ ಸುಮ್ಮನೆ ತೆರೆದುಕೊಳ್ಳುತ್ತದೆ, ಕೆಲವು ರೆಕಾರ್ಡುಗಳು ಮಾತ್ರ ಕಾಣುವುದಿಲ್ಲ. ಎರರ್ ಬರುವುದಕ್ಕಿಂತ ಅದು ಹೆಚ್ಚು ಅಪಾಯ, ಏಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ.

3. ಹೆಡರ್ ಓದಿ ಲೆಕ್ಕ ಹಾಕಿ

ಕೆಲಸದ ನಕಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ. ಬೈಟ್‌ಗಳನ್ನು ಸೊನ್ನೆಯಿಂದ ಎಣಿಸಬೇಕು.

- 0ನೇ ಬೈಟ್: ಫೈಲಿನ ಜಾತಿ. 30 ಎಂದರೆ ವಿಷುಯಲ್ ಫಾಕ್ಸ್‌ಪ್ರೊ. 31 ಆದರೆ ತಾನಾಗಿ ಏರುವ ನಂಬರಿನ ಕಾಲಂ, ಅಂದರೆ ಆಟೊಇಂಕ್ರಿಮೆಂಟ್ ಇದೆ. 32 ಆದರೆ ವಾರ್‌ಕ್ಯಾರ್, ಅಂದರೆ ಬರಹದ ಉದ್ದ ಬದಲಾಗಬಲ್ಲ ವಿಧದ ಕಾಲಂ ಇದೆ. 03 ಎಂದರೆ ಮೆಮೊ ಇಲ್ಲದ ಹಳೆಯ ಟೇಬಲ್, ಎಫ್5 ಎಂದರೆ ಮೆಮೊ ಇರುವ ಫಾಕ್ಸ್‌ಪ್ರೊ 2 ಕಾಲದ ಟೇಬಲ್.
- 1ರಿಂದ 3: ಕೊನೆಯ ಬಾರಿ ಬದಲಾದ ದಿನ. ವರ್ಷ, ತಿಂಗಳು, ದಿನ.
- 4ರಿಂದ 7: ರೆಕಾರ್ಡುಗಳ ಎಣಿಕೆ.
- 8 ಮತ್ತು 9: ಹೆಡರಿನ ಉದ್ದ.
- 10 ಮತ್ತು 11: ಒಂದು ರೆಕಾರ್ಡಿನ ಉದ್ದ.
- 28: ಸಿಡಿಎಕ್ಸ್ ಇದ್ದರೆ 01, ಮೆಮೊ ಇದ್ದರೆ 02, ಎರಡೂ ಇದ್ದರೆ ಕೂಡಿ 03.
- 29: ಕೋಡ್ ಪೇಜ್, ಅಂದರೆ ಅಕ್ಷರಗಳ ಸಂಕೇತ ಯಾವುದೆಂಬ ಗುರುತು. ವಿಂಡೋಸ್ 1252ಕ್ಕೆ 03, ಡಾಸ್ 437ಕ್ಕೆ 01.
- 32ರಿಂದ ಮುಂದಕ್ಕೆ: ಒಂದೊಂದು ಕಾಲಂಗೆ 32 ಬೈಟ್ ವಿವರ. ಎಲ್ಲ ಮುಗಿದ ಮೇಲೆ 0ಡಿ ಎಂಬ ಒಂದು ಬೈಟ್. ವಿಷುಯಲ್ ಫಾಕ್ಸ್‌ಪ್ರೊ ಟೇಬಲ್ ಆದರೆ ಅದರ ಹಿಂದೆ ಡಿಬಿಸಿಯ ದಾರಿ ಬರೆಯಲು 263 ಬೈಟ್.

ಸಂಖ್ಯೆಗಳಲ್ಲಿ ಸಣ್ಣ ಬೆಲೆಯ ಬೈಟ್ ಮೊದಲು ಬರುತ್ತದೆ. ಎಡದಿಂದ ಬಲಕ್ಕೆ ಓದುವ ಅಭ್ಯಾಸದವರು ಇಲ್ಲೇ ಎಡವುತ್ತಾರೆ. ಸಿ8 01 ಎಂದಿದ್ದರೆ ಅದು ಹೆಕ್ಸ್ 01ಸಿ8, ಅಂದರೆ 456.

ಒಂದು ಟೇಬಲನ್ನೇ ಎದುರಿಗಿಟ್ಟುಕೊಂಡು ನೋಡೋಣ. ಐದು ಕಾಲಂ: ಕೋಡ್ 6, ಹೆಸರು 40, ದಿನಾಂಕ 8, ಬಾಕಿ 10, ಟಿಪ್ಪಣಿ ಎಂಬ ಮೆಮೊ 4. ಮೊತ್ತ 68. ಪ್ರತಿ ರೆಕಾರ್ಡಿನ ಮೊದಲಿಗೆ ಅಳಿಸಿದೆಯೇ ಇಲ್ಲವೇ ಎಂದು ಹೇಳುವ ಒಂದು ಬೈಟ್ ಇರುತ್ತದೆ. ಅದೂ ಸೇರಿ ರೆಕಾರ್ಡಿನ ಉದ್ದ 69. ಹೆಡರ್: 32 + (5 × 32) + 1 + 263 = 456.

ಹೆಡರಿನ 4ನೇ ಬೈಟಿನಿಂದ ಸಾಲಾಗಿ ಓದಿದರೆ ಸಿ0 30 00 00, ಸಿ8 01, 45 00. ಅಂದರೆ ರೆಕಾರ್ಡುಗಳು 12,480, ಹೆಡರ್ 456, ರೆಕಾರ್ಡಿನ ಉದ್ದ 69. ಈಗ ಸೂತ್ರ:

ಫೈಲಿನ ಗಾತ್ರ = ಹೆಡರ್ ಉದ್ದ + (ಎಣಿಕೆ × ರೆಕಾರ್ಡ್ ಉದ್ದ) + 0 ಅಥವಾ 1

ಕೊನೆಯ ಆ ಒಂದು ಬೈಟ್ 1ಎ, ಫೈಲ್ ಮುಗಿಯಿತೆಂಬ ಗುರುತು. ಕೆಲವು ಫೈಲ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ನಮ್ಮ ಟೇಬಲ್ 456 + 8,61,120 + 1 = 8,61,577 ಬೈಟ್ ಇರಬೇಕಿತ್ತು. ಡಿಸ್ಕಿನಲ್ಲಿರುವುದು 8,61,784. ಹೆಚ್ಚಿಗೆ ಇರುವುದು 207, ಅಂದರೆ ಸರಿಯಾಗಿ 3 × 69. ಮೂರು ರೆಕಾರ್ಡು ಫೈಲಿಗೆ ಬಂದು ಕೂತಿವೆ, ಹೆಡರಿಗೆ ಮಾತ್ರ ಅದು ತಿಳಿದಿಲ್ಲ. ರೆಕಾರ್ಡ್ ಬರೆದ ಮೇಲೆ ಹೆಡರ್ ತಿದ್ದುವ ಮೊದಲು ಕರೆಂಟ್ ಹೋದಾಗ, ನೆಟ್‌ವರ್ಕ್ ಕಡಿದಾಗ ಹೀಗಾಗುತ್ತದೆ.

ಕಾಲಂಗಳ ಅಳತೆಯನ್ನು ನೀವೇ ಕೂಡಿಸಿದಾಗ ಹೆಡರಿನ ಸಂಖ್ಯೆಗಿಂತ ಕಡಿಮೆ ಬಂದರೆ ಗಾಬರಿ ಬೇಡ. ನಲ್, ಅಂದರೆ ‘ಬೆಲೆಯೇ ಇಲ್ಲ’ ಎಂಬುದನ್ನು ಒಪ್ಪುವ ಕಾಲಂ ಅಥವಾ ವಾರ್‌ಕ್ಯಾರ್ ಇದ್ದರೆ ಫಾಕ್ಸ್‌ಪ್ರೊ ಕಣ್ಣಿಗೆ ಕಾಣದ ಇನ್ನೊಂದು ಕಾಲಂ ಸೇರಿಸಿರುತ್ತದೆ. ಲೆಕ್ಕಕ್ಕೆ ಯಾವಾಗಲೂ 8ರಿಂದ 11ರವರೆಗಿನ ಬೈಟ್‌ಗಳನ್ನೇ ತೆಗೆದುಕೊಳ್ಳಿ.

4. ಎಣಿಕೆ ಸರಿಪಡಿಸಿ

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು: ‘ಸೆಟ್ ಟೇಬಲ್‌ವ್ಯಾಲಿಡೇಟ್ ಟು 0’ ಕೊಟ್ಟು ತಪಾಸಣೆ ಆರಿಸಿ, ಟೇಬಲ್ ತೆರೆದು, ‘ಅಪೆಂಡ್ ಬ್ಲ್ಯಾಂಕ್’ ಕೊಡುವುದು. ಎರರ್ ಮಾಯವಾಗುತ್ತದೆ ನಿಜ. ಆದರೆ ಹೊಸ ರೆಕಾರ್ಡ್ ಹೋಗಿ ಕೂರುವುದು ಹೆಡರಿನ ಎಣಿಕೆಯ ಮುಂದಿನ ಜಾಗದಲ್ಲಿ. ನಮ್ಮ ಉದಾಹರಣೆಯಲ್ಲಿ ಅದು 12,481ನೆಯದು, ಅಂದರೆ ಉಳಿಸಿಕೊಳ್ಳಬೇಕಾದ ಮೂರು ರೆಕಾರ್ಡುಗಳಲ್ಲಿ ಮೊದಲನೆಯದರ ಮೇಲೆಯೇ.

ಸರಿಯಾದ ಕ್ರಮ ಹೀಗೆ. ಎನ್ ನಂಬರಿನ ರೆಕಾರ್ಡ್ ಶುರುವಾಗುವ ಜಾಗ: ಹೆಡರ್ ಉದ್ದ + (ಎನ್ − 1) × ರೆಕಾರ್ಡ್ ಉದ್ದ. 12,481ನೆಯದಕ್ಕೆ 456 + 12,480 × 69 = 8,61,576. ಎಡಿಟರಿನ ಗೋ ಟು ಕಿಟಕಿಯಲ್ಲಿ ಹೆಕ್ಸ್ ಬದಲು ಡೆಸಿಮಲ್ ಆರಿಸಿಕೊಂಡು ಅಲ್ಲಿಗೆ ಹೋಗಿ. ಅಲ್ಲಿ 20 ಇದ್ದರೆ ಅಳಿಸದ ರೆಕಾರ್ಡ್, 2ಎ ಇದ್ದರೆ ಅಳಿಸಿದ್ದು. ಮುಂದಿನೆರಡು 8,61,645 ಮತ್ತು 8,61,714ರಲ್ಲಿ. 8,61,783ರಲ್ಲಿ 1ಎ ಕಾಣಬೇಕು. ಬಲಬದಿಯ ಅಕ್ಷರಗಳಲ್ಲಿ ಕೋಡ್, ಹೆಸರು, ದಿನಾಂಕ ಸರಿಯಾಗಿ ಓದಲು ಬರುತ್ತವೆಯೇ ನೋಡಿ.

ಎಲ್ಲವೂ ಸರಿ ಕಂಡರೆ 4ನೇ ಬೈಟನ್ನು ಸಿ0 ಇದ್ದದ್ದು ಸಿ3 ಮಾಡಿ. 12,483 ಎಂದರೆ ಹೆಕ್ಸಿನಲ್ಲಿ 30ಸಿ3. ಬದಲಾಗುವುದು ಒಂದೇ ಒಂದು ಬೈಟ್. ತಿದ್ದುವಾಗ ಎಡಿಟರ್ ಓವರ್‌ರೈಟ್ ಸ್ಥಿತಿಯಲ್ಲಿರಲಿ. ಇನ್ಸರ್ಟ್‌ನಲ್ಲಿದ್ದರೆ ಇಡೀ ಫೈಲ್ ಒಂದು ಬೈಟ್ ಮುಂದಕ್ಕೆ ಸರಿದು ಪ್ರತಿ ಕಾಲಂ ಹಾಳಾಗುತ್ತದೆ. ಸೇವ್ ಮಾಡಿದ ಮೇಲೆ ಗಾತ್ರ ಮೊದಲಿನಷ್ಟೇ ಇದೆಯೇ ಎಂದು ಪರೀಕ್ಷಿಸಿ.

ಹೆಚ್ಚಿನ ಜಾಗದಲ್ಲಿ ಬರೀ 00 ತುಂಬಿದ್ದರೆ ಅವು ರೆಕಾರ್ಡಲ್ಲ. ಫೈಲಿಗೆ ಜಾಗ ಮೀಸಲಾಯಿತು, ಡೇಟಾ ಡಿಸ್ಕಿಗೆ ಇಳಿಯುವ ಮೊದಲೇ ಯಂತ್ರ ಆರಿತು. ಅವನ್ನು ಎಣಿಕೆಗೆ ಸೇರಿಸಬೇಡಿ. ಕೊನೆಯ ಒಳ್ಳೆಯ ರೆಕಾರ್ಡ್ ಮುಗಿದ ಕೂಡಲೇ 1ಎ ಇಟ್ಟು ಉಳಿದದ್ದನ್ನು ಕತ್ತರಿಸಿ.

ಫೈಲ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿದ್ದರೆ ಗಾತ್ರದಿಂದ ಹೆಡರ್ ಕಳೆದು ರೆಕಾರ್ಡ್ ಉದ್ದದಿಂದ ಭಾಗಿಸಿ. ಪೂರ್ಣಾಂಕ ಹೊಸ ಎಣಿಕೆ. ಶೇಷ 0 ಅಥವಾ 1 ಬಿಟ್ಟು ಬೇರೇನಾದರೂ ಬಂದರೆ ಕೊನೆಯ ರೆಕಾರ್ಡ್ ಅರ್ಧಕ್ಕೆ ನಿಂತಿದೆ. ಆ ಅರ್ಧದಲ್ಲಿ ಓದಲು ಬರುವುದನ್ನು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕತ್ತರಿಸಿ. ಆ ಒಂದು ವ್ಯವಹಾರವನ್ನು ಕೈಯಿಂದ ಮತ್ತೆ ಸೇರಿಸಬಹುದು.

5. ಹೆಡರ್ ಪೂರ್ತಿ ಹೋಗಿದ್ದರೆ

ಹೆಡರಿನಲ್ಲಿ ಸೊನ್ನೆಗಳೇ ತುಂಬಿದ್ದು, ಹಿಂದೆ ರೆಕಾರ್ಡುಗಳು ಓದಲು ಬರುತ್ತಿದ್ದರೆ ಹಳೆಯ ಬ್ಯಾಕಪ್ಪಿನಿಂದ ಹೆಡರ್ ಕಸಿ ಮಾಡಬಹುದು. ಬ್ಯಾಕಪ್ ಟೇಬಲಿನ ಮೊದಲ 456 ಬೈಟ್ ಎತ್ತಿ ಕೆಟ್ಟ ಫೈಲಿನ ಮೊದಲ 456 ಬೈಟ್ ಮೇಲೆ ಅಂಟಿಸಿ, ಎಣಿಕೆಯನ್ನು 4ನೇ ಹಂತದಂತೆ ಲೆಕ್ಕ ಹಾಕಿ ಬರೆಯಿರಿ. ಬ್ಯಾಕಪ್ ಇಲ್ಲದಿದ್ದರೆ ಟೇಬಲ್ ಸೃಷ್ಟಿಸುವ ಪ್ರೋಗ್ರಾಂ ಓಡಿಸಿ ಖಾಲಿ ಟೇಬಲ್ ಮಾಡಿಕೊಂಡು ಅದರ ಹೆಡರ್ ಬಳಸಿ.

ಎರಡು ಕಡೆ ಹುಷಾರಾಗಿರಬೇಕು. ಬ್ಯಾಕಪ್ ಆದ ಮೇಲೆ ಯಾರಾದರೂ ಹೊಸ ಕಾಲಂ ಸೇರಿಸಿದ್ದರೆ ಹೆಡರಿನ ಉದ್ದವೂ ರೆಕಾರ್ಡಿನ ಉದ್ದವೂ ಬೇರೆಯಾಗಿರುತ್ತವೆ. ಅಕ್ಕಪಕ್ಕದ ಎರಡು ರೆಕಾರ್ಡುಗಳ ಕೋಡ್ ಎಲ್ಲೆಲ್ಲಿ ಶುರುವಾಗುತ್ತದೆ ಎಂದು ಹೆಕ್ಸಿನಲ್ಲಿ ನೋಡಿ ನಡುವಿನ ಬೈಟ್ ಎಣಿಸಿ. 69 ಬರಬೇಕಾದಲ್ಲಿ 73 ಬಂದರೆ ಆ ಹೆಡರ್ ಇದಕ್ಕೆ ಸಲ್ಲುವುದಿಲ್ಲ. ಇನ್ನೊಂದು, ಆಟೊಇಂಕ್ರಿಮೆಂಟ್ ಕಾಲಂನ ಮುಂದಿನ ನಂಬರ್ ಇರುವುದು ಹೆಡರಿನಲ್ಲೇ, ಆ ಕಾಲಂನ 32 ಬೈಟ್ ವಿವರದ ಒಳಗೆ. ಹಳೆಯ ಹೆಡರ್ ತಂದರೆ ನಂಬರೂ ಹಳೆಯದೇ ಬರುತ್ತದೆ, ಮರುದಿನ ಹೊಸ ಬಿಲ್ಲುಗಳಿಗೆ ಹಳೆಯ ನಂಬರ್ ಬೀಳುತ್ತದೆ. ಟೇಬಲ್ ತೆರೆದ ಕೂಡಲೇ ಅತಿ ದೊಡ್ಡ ನಂಬರ್ ನೋಡಿ, ‘ಆಲ್ಟರ್ ಟೇಬಲ್’ ಆಜ್ಞೆಯ ‘ನೆಕ್ಸ್ಟ್‌ವ್ಯಾಲ್ಯೂ’ಗೆ ಅದಕ್ಕಿಂತ ಒಂದು ಹೆಚ್ಚು ಕೊಡಿ.

6. ಮೆಮೊ ಫೈಲ್

ಎಫ್‌ಪಿಟಿ ಫೈಲ್ ಬ್ಲಾಕುಗಳಾಗಿ ಒಡೆದಿರುತ್ತದೆ. ಸಾಮಾನ್ಯವಾಗಿ ಬ್ಲಾಕಿಗೆ 64 ಬೈಟ್. ಡಿಬಿಎಫ್‌ನಲ್ಲಿ ಮೆಮೊ ಕಾಲಂ ಇಟ್ಟುಕೊಂಡಿರುವುದು ಬರಹವನ್ನಲ್ಲ, ಬರಹ ಶುರುವಾಗುವ ಬ್ಲಾಕ್ ನಂಬರನ್ನು. ಮೆಮೊ ಖಾಲಿಯಿದ್ದರೆ ಅದು ಸೊನ್ನೆ. ಪ್ರತಿ ಬರಹದ ಮೊದಲಿಗೆ ಎಂಟು ಬೈಟ್: ನಾಲ್ಕು ವಿಧಕ್ಕೆ, ನಾಲ್ಕು ಉದ್ದಕ್ಕೆ.

ಇಲ್ಲಿ ಸಂಖ್ಯೆ ಬರೆಯುವ ಕ್ರಮ ಡಿಬಿಎಫ್‌ಗೆ ತದ್ವಿರುದ್ಧ: ದೊಡ್ಡ ಬೆಲೆಯ ಬೈಟ್ ಮೊದಲು. ಎಫ್‌ಪಿಟಿಯ 0ರಿಂದ 3ರ ಬೈಟ್‌ಗಳಲ್ಲಿ ಮುಂದಿನ ಖಾಲಿ ಬ್ಲಾಕಿನ ನಂಬರ್, 6 ಮತ್ತು 7ರಲ್ಲಿ ಬ್ಲಾಕಿನ ಅಳತೆ. ಫೈಲ್ 52,42,880 ಬೈಟ್ ಇದ್ದು ಬ್ಲಾಕ್ 64 ಆದರೆ ಭಾಗಿಸಿದಾಗ 81,920. ಮೊದಲ ನಾಲ್ಕು ಬೈಟ್ 00 01 40 00 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಬರೆಯುವ ಮೆಮೊಗಳು ಈಗಿರುವ ಮೆಮೊಗಳ ಮೇಲೆ ಕೂರುತ್ತವೆ. ಒಬ್ಬ ಗಿರಾಕಿಯ ಟಿಪ್ಪಣಿ ಇನ್ನೊಬ್ಬನ ಹೆಸರಿನಲ್ಲಿ ಕಾಣಿಸತೊಡಗಿದರೆ ಮೊದಲು ಇದನ್ನೇ ಅನುಮಾನಿಸಿ. ಭಾಗಲಬ್ಧವನ್ನು ಮೇಲಕ್ಕೆ ಪೂರ್ಣಾಂಕ ಮಾಡಿ ಬರೆದರೆ ಮುಂದಿನ ಹಾನಿ ನಿಲ್ಲುತ್ತದೆ. ಈಗಾಗಲೇ ಅಳಿದು ಹೋದದ್ದು ಬ್ಯಾಕಪ್ಪಿನಲ್ಲಿದ್ದರೆ ಮಾತ್ರ ಸಿಗುತ್ತದೆ.

ಎಫ್‌ಪಿಟಿ ಪೂರ್ತಿ ಕಳೆದಿದ್ದರೆ ಉಳಿದ ಕಾಲಂಗಳನ್ನಾದರೂ ಉಳಿಸಿಕೊಳ್ಳಬಹುದು. ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಅದರ ಎಫ್‌ಪಿಟಿಗೆ ಕೆಟ್ಟ ಟೇಬಲಿನ ಹೆಸರಿಟ್ಟು ಪಕ್ಕದಲ್ಲಿಡಿ. ಟೇಬಲ್ ತೆರೆಯುತ್ತದೆ. ಮೆಮೊ ಕಾಲಂ ಮುಟ್ಟದೆ, ‘ಕಾಪಿ ಟು’ ಜೊತೆ ‘ಫೀಲ್ಡ್ಸ್’ ಕೊಟ್ಟು ಬೇರೆ ಕಾಲಂಗಳ ಹೆಸರನ್ನಷ್ಟೇ ಬರೆದು ಹೊರತೆಗೆಯಿರಿ. ಬ್ರೌಸ್ ಕಿಟಕಿಯಲ್ಲಿ ಮೆಮೊ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ.

7. ಹೊಸ ಟೇಬಲಿಗೆ ಸಾಗಿಸಿ

ಹೆಡರ್ ತಿದ್ದಿದ ಟೇಬಲನ್ನೇ ಮತ್ತೆ ಬಳಕೆಗೆ ಬಿಡಬೇಡಿ. ಒಳಗೆ ಇನ್ನೇನು ಕೆಟ್ಟಿದೆಯೋ ಗೊತ್ತಿಲ್ಲ. ಖಾಲಿಯಾದ ಹೊಸ ಟೇಬಲ್ ಮಾಡಿ, ರೆಕಾರ್ಡುಗಳನ್ನು ಅದಕ್ಕೆ ಸಾಗಿಸಿ.

ಮೊದಲು ‘ಸೆಟ್ ಡಿಲೀಟೆಡ್ ಆಫ್’ ಕೊಡಿ. ಆನ್ ಇದ್ದರೆ ಅಳಿಸಿದ ಗುರುತಿರುವ ರೆಕಾರ್ಡುಗಳು ಬರುವುದಿಲ್ಲ. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಎಂದರೆ ಗುರುತು ಹಾಕುವುದಷ್ಟೇ, ನಿಜವಾಗಿ ತೆಗೆದುಹಾಕುವುದು ಪ್ಯಾಕ್. ಇವನ್ನು ಎಸೆಯಬೇಕೇ ಬೇಡವೇ ಎಂದು ನಿರ್ಧರಿಸುವ ಹೊತ್ತು ಇದಲ್ಲ. ಆಮೇಲೆ ‘ಅಪೆಂಡ್ ಫ್ರಂ’. ಸಾಗಿಸುವ ಮೊದಲೂ ಆದ ಮೇಲೂ ಗುರುತಿರುವವು ಎಷ್ಟೆಂದು ಎಣಿಸಿ. ಹೊಸದರಲ್ಲಿ ಗುರುತು ಬಂದಿರದಿದ್ದರೆ ನೀವೇ ಮತ್ತೆ ಹಾಕಬೇಕು.

ಆಟೊಇಂಕ್ರಿಮೆಂಟ್ ಕಾಲಂ ಇದ್ದರೆ ಹೊಸ ಟೇಬಲಿನಲ್ಲಿ ಅದನ್ನು ಮೊದಲು ಸಾದಾ ಇಂಟಿಜರ್ ಮಾಡಿಕೊಳ್ಳಿ. ಹಾಗೇ ಬಿಟ್ಟರೆ ಹಳೆಯ ನಂಬರುಗಳ ಬದಲು ಹೊಸ ನಂಬರುಗಳು ಬೀಳುತ್ತವೆ, ಬಿಲ್ಲಿನ ತಲೆಗೂ ಅದರ ಸಾಲುಗಳಿಗೂ ಇದ್ದ ನಂಟು ಕಡಿದುಹೋಗುತ್ತದೆ. ಎಲ್ಲ ಬಂದ ಮೇಲೆ ಮತ್ತೆ ಆಟೊಇಂಕ್ರಿಮೆಂಟ್ ಮಾಡಿ. ಕಾಲಂಗಳು ಹೊಂದುವುದು ಹೆಸರಿನಿಂದ. ಹೊಸದರಲ್ಲಿ ಅಳತೆ ಕಡಿಮೆಯಿದ್ದರೆ ಬರಹದ ಬಾಲ ಕತ್ತರಿಸಿ ಹೋಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ನಡುವೆ ಫಾಕ್ಸ್‌ಪ್ರೊ ಸಿ0000005 ಎಂದು ಕುಸಿದು ಬಿದ್ದರೆ ಯಾವುದೋ ರೆಕಾರ್ಡಿನ ಮೆಮೊ ನಂಬರ್ ಕಸವಾಗಿದೆ. ಕುಸಿತವನ್ನು ‘ಟ್ರೈ’ ‘ಕ್ಯಾಚ್’ ಹಿಡಿಯಲಾರದು. ಆದ್ದರಿಂದ ಒಂದೊಂದೇ ರೆಕಾರ್ಡ್ ಸಾಗಿಸುವ ಸಣ್ಣ ಪ್ರೋಗ್ರಾಂ ಬರೆದು, ಮೆಮೊ ಮುಟ್ಟುವ ಮೊದಲು ರೆಕಾರ್ಡ್ ನಂಬರನ್ನು ‘ಸ್ಟ್ರ್‌ಟುಫೈಲ್’ ಮೂಲಕ ಒಂದು ಟೆಕ್ಸ್ಟ್ ಫೈಲಿಗೆ ಬರೆಸಿ. ಕುಸಿದಾಗ ಆ ಫೈಲಿನ ಕೊನೆಯ ನಂಬರೇ ಅಪರಾಧಿ. ಅದನ್ನು ಬಿಟ್ಟು ಮುಂದಿನಿಂದ ಓಡಿಸಿ; ಆ ಒಂದನ್ನು ಮೆಮೊ ಇಲ್ಲದೆ ಬೇರೆಯಾಗಿ ತನ್ನಿ.

ಪಾಸ್‌ವರ್ಡ್ ಮುಂತಾದವನ್ನು ಗೂಢಲಿಪಿಯಲ್ಲಿ ಸಾಮಾನ್ಯ ಕ್ಯಾರೆಕ್ಟರ್ ಕಾಲಂನಲ್ಲೇ ಇಟ್ಟಿರುವ ಪ್ರೋಗ್ರಾಂಗಳಿವೆ. ಹಳೆಯ ಟೇಬಲಿನ ಕೋಡ್ ಪೇಜ್ 437 ಇದ್ದು ಹೊಸದರದ್ದು 1252 ಆದರೆ ಸಾಗಿಸುವಾಗ ಅಕ್ಷರ ಪರಿವರ್ತನೆಯಾಗಿ ಅವು ಕೆಡುತ್ತವೆ. 29ನೇ ಬೈಟ್ ಎರಡರಲ್ಲೂ ಒಂದೇ ಇರಲಿ.

8. ಇಂಡೆಕ್ಸ್ ಹೊಸದಾಗಿ ಕಟ್ಟಿ

ಇಂಡೆಕ್ಸ್ ಕೆಟ್ಟಿರುವುದು ಯಾವಾಗಲೂ ಎರರ್ ಆಗಿಯೇ ಬರುವುದಿಲ್ಲ. ಬ್ರೌಸ್‌ನಲ್ಲಿ ಕಾಣುವ ಗಿರಾಕಿ ‘ಸೀಕ್’ ಮಾಡಿದರೆ, ಅಂದರೆ ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗುವುದಿಲ್ಲ, ಅದೇ ಮೊದಲ ಲಕ್ಷಣ. ‘ಸೆಟ್ ಆರ್ಡರ್ ಟು 0’ ಇಟ್ಟು ಒಮ್ಮೆ, ಟ್ಯಾಗ್ (ಸಿಡಿಎಕ್ಸ್ ಒಳಗಿನ ಒಂದೊಂದು ಇಂಡೆಕ್ಸ್) ಇಟ್ಟು ಒಮ್ಮೆ ಒಂದೊಂದಾಗಿ ದಾಟುತ್ತಾ ಎಣಿಸಿ. ಫಿಲ್ಟರ್ ಇಲ್ಲದ ಟ್ಯಾಗಿನಲ್ಲಿ ಎರಡೂ ಒಂದೇ ಬರಬೇಕು.

‘ರೀಇಂಡೆಕ್ಸ್’ ಆಜ್ಞೆಯನ್ನು ಎಲ್ಲರೂ ಮದ್ದಿನಂತೆ ಬಳಸುತ್ತಾರೆ. ಆದರೆ ಅದು ಟ್ಯಾಗುಗಳ ಸೂತ್ರವನ್ನು ಓದುವುದು ಕೆಟ್ಟಿರುವ ಸಿಡಿಎಕ್ಸ್ ಫೈಲಿನಿಂದಲೇ. ಸೂತ್ರ ಇರುವ ಭಾಗವೇ ಕೆಟ್ಟಿದ್ದರೆ ಕೆಟ್ಟದ್ದನ್ನೇ ಮತ್ತೆ ಕಟ್ಟುತ್ತದೆ. ಒಳ್ಳೆಯ ಬ್ಯಾಕಪ್ಪಿನ ಟೇಬಲ್ ತೆರೆದು ‘ಎಟ್ಯಾಗ್‌ಇನ್ಫೊ’ ಓಡಿಸಿ: ಟ್ಯಾಗಿನ ಹೆಸರು, ವಿಧ, ಸೂತ್ರ, ಫಿಲ್ಟರ್, ಏರಿಕೆಯೋ ಇಳಿಕೆಯೋ, ಕೊಲೇಟ್ ಎಲ್ಲವೂ ಸಿಗುತ್ತವೆ. ಡಿಬಿಸಿ ಇದ್ದರೆ ಫಾಕ್ಸ್‌ಪ್ರೊ ಜೊತೆಗೇ ಬರುವ ಜೆನ್‌ಡಿಬಿಸಿ ಇಡೀ ಡೇಟಾಬೇಸ್ ಮರುಸೃಷ್ಟಿಸುವ ಪ್ರೋಗ್ರಾಂ ಬರೆದುಕೊಡುತ್ತದೆ. ಟೇಬಲ್ ಕೆಡುವ ಮೊದಲೇ ಇದನ್ನು ಓಡಿಸಿ ಇಟ್ಟುಕೊಂಡವರಿಗೆ ಈ ಹಂತ ಹತ್ತು ನಿಮಿಷದ ಕೆಲಸ.

ಕೊಲೇಟ್, ಅಂದರೆ ಅಕ್ಷರಗಳನ್ನು ಜೋಡಿಸುವ ಕ್ರಮ, ಮೊದಲಿದ್ದಂತೆಯೇ ಇರಬೇಕು. ‘ಮಷೀನ್’ ಇದ್ದದ್ದನ್ನು ‘ಜನರಲ್’ನಲ್ಲಿ ಕಟ್ಟಿದರೆ ದೊಡ್ಡಕ್ಷರ, ಸಣ್ಣಕ್ಷರದ ಭೇದ ಹೋಗಿ, ಪ್ರೈಮರಿ ಕೀ, ಅಂದರೆ ಪ್ರತಿ ರೆಕಾರ್ಡಿಗೂ ಬೇರೆಯಾಗಿರಬೇಕಾದ ಗುರುತು ಕಟ್ಟುವಾಗ, ಒಂದೇ ಕೀ ಎರಡು ಸಲ ಬಂದಿದೆ ಎನ್ನುವ ಎರರ್ 1884 ಬರುತ್ತದೆ. ಕೊಲೇಟ್ ಸರಿಯಿದ್ದೂ 1884 ಬಂದರೆ ಒಂದೇ ಕೀ ಇರುವ ರೆಕಾರ್ಡುಗಳು ನಿಜವಾಗಿಯೂ ಎರಡಿವೆ. ಅಳಿಸಿದ ಗುರುತಿರುವ ರೆಕಾರ್ಡೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ.

ಡಿಬಿಸಿಯೇ ಕೆಟ್ಟಿದ್ದರೆ ಅದನ್ನು ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಬೇರಾರಿಗೂ ಸಿಗದಂತೆ ತೆರೆದು ‘ವ್ಯಾಲಿಡೇಟ್ ಡೇಟಾಬೇಸ್ ರಿಕವರ್’ ಕೊಡಿ. ‘ಫ್ರೀ ಟೇಬಲ್’ ಕೊನೆಯ ದಾರಿ. ಟೇಬಲ್ ಡಿಬಿಸಿಯಿಂದ ಬಿಡಿಸಿಕೊಳ್ಳುತ್ತದೆ, ಆದರೆ ಉದ್ದ ಕಾಲಂ ಹೆಸರುಗಳು 10 ಅಕ್ಷರಕ್ಕೆ ಕುಗ್ಗಿ ಪ್ರೋಗ್ರಾಂ ಅಲ್ಲಲ್ಲಿ ನಿಲ್ಲುತ್ತದೆ.

9. ತಾಳೆ ನೋಡಿ ಬಳಕೆಗೆ ಬಿಡಿ

ರೆಕಾರ್ಡ್ ಎಣಿಕೆ, ಹಣದ ಕಾಲಂಗಳ ಮೊತ್ತ, ಕೊನೆಯ ಬಿಲ್ ನಂಬರ್, ತಲೆಯಿಲ್ಲದ ಸಾಲುಗಳು, ಸಾಲುಗಳಿಲ್ಲದ ತಲೆಗಳು: ಇಷ್ಟನ್ನು ನೋಡಿ. ಕೀ ಕಾಲಂಗಳಲ್ಲಿ ಸಿಎಚ್‌ಆರ್ 0, ಅಂದರೆ 00 ಬೈಟ್ ಇರುವ ರೆಕಾರ್ಡ್ ಇದೆಯೇ ಹುಡುಕಿ. ಇದ್ದರೆ ನಡುವೆ ಎಲ್ಲೋ ಸೊನ್ನೆ ತುಂಬಿದ ತುಂಡಿದೆ. ಕೆಟ್ಟ ಫೈಲಿನ ರೀಡ್-ಓನ್ಲಿ ನಕಲನ್ನು ತಿಂಗಳ ಲೆಕ್ಕ ಮುಗಿಯುವವರೆಗಾದರೂ ಇಟ್ಟುಕೊಳ್ಳಿ.

ಮತ್ತೆ ಮತ್ತೆ ಕೆಡುತ್ತಿದ್ದರೆ

ಫಾಕ್ಸ್‌ಪ್ರೊದಲ್ಲಿ ಡೇಟಾ ಕಾಯುವ ಸರ್ವರ್ ತಂತ್ರಾಂಶ ಇಲ್ಲ. ಪ್ರತಿ ಕಂಪ್ಯೂಟರ್ ನೇರವಾಗಿ ಹಂಚಿದ ಫೈಲಿಗೆ ಬರೆಯುತ್ತದೆ. ಹಾಗಾಗಿ ವೈಫೈ ಮೇಲೆ ಟೇಬಲ್ ತೆರೆಯುವುದು, ಟೇಬಲುಗಳಿರುವ ಫೋಲ್ಡರನ್ನು ಕ್ಲೌಡ್ ಸಿಂಕ್ ಒಳಗಿಡುವುದು, ಟಾಸ್ಕ್ ಮ್ಯಾನೇಜರಿನಿಂದ ಪ್ರೋಗ್ರಾಂ ಕೊಲ್ಲುವುದು, ಮೂರೂ ಟೇಬಲಿಗೆ ಶತ್ರು. ಆಂಟಿವೈರಸ್ ಆ ಫೋಲ್ಡರನ್ನು ಪ್ರತಿ ಓದಿಗೂ ತಡೆದು ನೋಡದಂತೆ ಹೊರಗಿಡಿ. ಬರೆದ ಮೇಲೆ ‘ಫ್ಲಶ್ ಫೋರ್ಸ್’ ಕೊಟ್ಟರೆ ಡಿಸ್ಕಿಗೆ ಇಳಿಸಲು ವಿಂಡೋಸ್‌ಗೂ ಹೇಳಿದಂತಾಗುತ್ತದೆ. ವೇಗ ಸ್ವಲ್ಪ ತಗ್ಗುತ್ತದೆ, ಹಣದ ಟೇಬಲುಗಳಿಗೆ ಅದು ಒಪ್ಪಬೇಕಾದ ಬೆಲೆ.

ಯಾವುದೇ ಫೈಲ್ 2 ಜಿಬಿ ದಾಟಲಾರದು. ಎಷ್ಟೋ ಸಲ ಮೊದಲು ಮುಟ್ಟುವುದು ಎಫ್‌ಪಿಟಿ, ಏಕೆಂದರೆ ಮೆಮೊ ಉದ್ದವಾದಾಗಲೆಲ್ಲ ಕೊನೆಯಲ್ಲಿ ಹೊಸ ಜಾಗ ಹಿಡಿಯುತ್ತದೆ, ಹಳೆಯ ಜಾಗ ವ್ಯರ್ಥವಾಗಿ ಉಳಿಯುತ್ತದೆ. ಒಳ್ಳೆಯ ಬ್ಯಾಕಪ್ ಕೈಯಲ್ಲಿರುವಾಗ ‘ಪ್ಯಾಕ್ ಮೆಮೊ’ ಕೊಟ್ಟು ಕುಗ್ಗಿಸಿ, ಕೆಟ್ಟ ಟೇಬಲಿನ ಮೇಲೆ ಎಂದೂ ಬೇಡ.

ಇನ್ನು, 3ನೇ ಹಂತದ ಸೂತ್ರವನ್ನು ದಿನವೂ ಓಡುವಂತೆ ಮಾಡಿ. ‘ಎಡಿರ್’ನಿಂದ ಫೋಲ್ಡರಿನ ಎಲ್ಲ ಡಿಬಿಎಫ್‌ಗಳ ಹೆಸರು, ಗಾತ್ರ ಪಡೆಯಿರಿ. ಪ್ರತಿಯೊಂದನ್ನೂ ‘ಎಫ್‌ಓಪನ್’ನಲ್ಲಿ 10 ಕೊಟ್ಟು ಓದಲು ಮಾತ್ರ ತೆರೆದು, ಮೊದಲ 12 ಬೈಟ್ ಓದಿ, ‘ಎಎಸ್‌ಸಿ’ ಬೆಲೆಗಳನ್ನು ಒಂದರ ನಂತರ ಒಂದಕ್ಕೆ 1, 256, 65,536, 1,67,77,216ರಿಂದ ಗುಣಿಸಿ ಕೂಡಿಸಿದರೆ ಎಣಿಕೆ ಬಂತು. ಎರಡು ಬೈಟಿನ ಉದ್ದಗಳಿಗೆ ಮೊದಲೆರಡು ಸಾಕು. ವ್ಯತ್ಯಾಸ 0 ಅಥವಾ 1 ಬಿಟ್ಟು ಬೇರೆ ಬಂದ ಟೇಬಲಿನ ಹೆಸರನ್ನು ಒಂದು ಫೈಲಿಗೆ ಬರೆಸಿ. ರಾತ್ರಿ ಎಲ್ಲರೂ ಹೊರಬಿದ್ದ ಮೇಲೆ, ಬ್ಯಾಕಪ್ ಶುರುವಾಗುವ ಮೊದಲು ಇದು ಓಡಬೇಕು. ಆ ಫೈಲಿನಲ್ಲಿ ಒಂದು ಹೆಸರಿದ್ದರೂ ಆ ದಿನದ ಬ್ಯಾಕಪ್ ಹಿಂದಿನ ಒಳ್ಳೆಯ ಬ್ಯಾಕಪ್ಪಿನ ಮೇಲೆ ಕೂರದೆ ಬೇರೆ ಫೋಲ್ಡರಿಗೆ ಹೋಗಲಿ.